ತೋಟ ಹಿರಿಯರದ್ದು, ಅಂಗಡಿ ಅಪ್ಪಯ್ಯನ ಹೆಸರಲ್ಲಿ: ಮೃತ್ಯುಪತ್ರವೋ, ಬಕ್ಷೀಸೋ, ಹಿಸ್ಸೆಯೋ?

ಹುಲೇಕಲ್_ರಸ್ತೆ:
ಅಪ್ಪಯ್ಯನಿಗೆ 71. ಶಿರಸಿ ಪೇಟೆಯಿಂದ 9 ಕಿ.ಮೀ. ದೂರದಲ್ಲಿ 3 ಎಕರೆ ಅಡಿಕೆ ತೋಟ, ಅದಕ್ಕೆ ಹತ್ತಿದ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು). ಪಹಣಿಯಲ್ಲಿ ಅಪ್ಪಯ್ಯ ಒಬ್ಬರದೇ ಹೆಸರು. ತೋಟ ಬಂದಿದ್ದು 1991ರಲ್ಲಿ ಅಪ್ಪಯ್ಯ ಮತ್ತು ಅವರ ಅಣ್ಣಂದಿರ ನಡುವೆ ಆದ ನೋಂದಾಯಿತ ಹಿಸ್ಸೆಯಲ್ಲಿ (ಆಸ್ತಿ ವಿಭಾಗದಲ್ಲಿ). ಪೇಟೆಯಲ್ಲಿ ಪೈಪು, ಪಂಪು, ಸ್ಪ್ರೇಯರ್ ಅಂಗಡಿ ಇದೆ. ಕಟ್ಟಡ 1998ರಲ್ಲಿ ಅಂಗಡಿಯ ದುಡಿಮೆಯಿಂದ ಕೊಂಡಿದ್ದು. ಜಿಎಸ್‌ಟಿ ನಂಬರ್, ಕರೆಂಟ್ ಅಕೌಂಟ್, ಕ್ಯೂಆರ್ ಕೋಡ್ ಎಲ್ಲ ಅಪ್ಪಯ್ಯನದೇ. ವರ್ಷದ ವಹಿವಾಟು 90 ಲಕ್ಷ, ನಿವ್ವಳ ಲಾಭ 13 ಲಕ್ಷ. ಅಡಿಕೆಯಿಂದ ಖರ್ಚು ಕಳೆದು 6 ಲಕ್ಷ. ಗೋದಾಮಿನಲ್ಲಿ ಸುಮಾರು 22 ಲಕ್ಷದ ಮಾಲು, ಹೆಚ್ಚಿನದು 18% ತೆರಿಗೆಯದು.

ಮಕ್ಕಳು ಮೂವರು. ಅಂಗಡಿ ನಾನು ನೋಡಿಕೊಳ್ಳುತ್ತೇನೆ, ತಮ್ಮ ಬೆಂಗಳೂರಲ್ಲಿ, ತಂಗಿಯನ್ನು ಕುಮಟಾಕ್ಕೆ ಕೊಟ್ಟಿದೆ. ಆಯಿ (ಅಮ್ಮ) ಇದ್ದಾಳೆ. ತಂಗಿ ‘ನಂಗೆ ತೋಟದಲ್ಲಿ ಏನೂ ಬೇಡ’ ಅಂತಾಳೆ. ತೋಟವನ್ನೂ ಅಂಗಡಿಯನ್ನೂ ಈಗಲೇ ನನ್ನ ಹೆಸರಿಗೆ ಬಕ್ಷೀಸು ಪತ್ರ (ದಾನಪತ್ರ) ಮಾಡಿಬಿಡೋಣ, ತಮ್ಮನಿಗೆ ದುಡ್ಡು ಕೊಡೋಣ ಅಂತ ಅಪ್ಪಯ್ಯನ ವಿಚಾರ. ಮೃತ್ಯುಪತ್ರ (ವಿಲ್) ಸಾಕು ಅಂತ ಇನ್ನೊಬ್ಬರು. ತೆರಿಗೆ ಎಲ್ಲೆಲ್ಲಿ ಬೀಳುತ್ತದೆ? 1991ರ ಹಿಸ್ಸೆ 2004ಕ್ಕಿಂತ ಹಿಂದಿನದು, ಹಾಗಾಗಿ ತಂಗಿಗೆ ಹಕ್ಕಿಲ್ಲ ಅಂತ ಒಬ್ಬರು ಹೇಳಿದರು. ಸರಿಯಾ?

ಪಹಣಿ_ಓದುವವ:
ಕೊನೆಯ ಪ್ರಶ್ನೆಯಿಂದ ಶುರು ಮಾಡೋಣ, ಅದು ತಪ್ಪಾದರೆ ಉಳಿದದ್ದೆಲ್ಲ ತಪ್ಪುತ್ತದೆ. 2004ರ ಡಿಸೆಂಬರ್ 20ಕ್ಕಿಂತ ಮೊದಲಿನ ನೋಂದಾಯಿತ ಹಿಸ್ಸೆಯನ್ನು ಕಾನೂನು ಮುಟ್ಟುವುದಿಲ್ಲ ಎನ್ನುವುದು ನಿಜ. ಆದರೆ ಆ ಹಿಸ್ಸೆ ಯಾರ ಯಾರ ನಡುವೆ ಆಗಿತ್ತು? ನಿಮ್ಮ ಅಪ್ಪ ಮತ್ತು ದೊಡ್ಡಪ್ಪಂದಿರ ನಡುವೆ. ಅಂದರೆ ದೊಡ್ಡಪ್ಪನ ಮಗಳು ಬಂದು ನಿಮ್ಮ 3 ಎಕರೆಯಲ್ಲಿ ಪಾಲು ಕೇಳುವಂತಿಲ್ಲ, ಅಷ್ಟೇ. ನಿಮ್ಮ ಮನೆಯೊಳಗೆ, ಅಪ್ಪ ಮತ್ತು ನೀವು ಮೂವರು ಮಕ್ಕಳ ನಡುವೆ, ಇನ್ನೂ ಹಿಸ್ಸೆಯೇ ಆಗಿಲ್ಲ. ಹಿಸ್ಸೆಯಲ್ಲಿ ಬಂದ ಪಿತ್ರಾರ್ಜಿತ ಆಸ್ತಿ ಅಪ್ಪನ ಕೈಯಲ್ಲಿದ್ದರೂ ಮಕ್ಕಳ ಮಟ್ಟಿಗೆ ಪಿತ್ರಾರ್ಜಿತವೇ. 2005ರ ಸೆಪ್ಟೆಂಬರ್ 9ರ ತಿದ್ದುಪಡಿಯಿಂದ ಮಗಳೂ ಹುಟ್ಟಿನಿಂದಲೇ ಸಹದಾಯಾದಿ, ಅಂದರೆ ಕುಟುಂಬದ ಆಸ್ತಿಯಲ್ಲಿ ಮಗನಂತೆಯೇ ಪಾಲುಗಾರ್ತಿ. ತಂದೆ ಅಂದು ಬದುಕಿದ್ದರೋ ಇಲ್ಲವೋ ಎಂಬ ಗೊಂದಲವನ್ನೂ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ತೀರ್ಪಿನಲ್ಲಿ ಮುಗಿಸಿದೆ. ಕುಮಟಾಕ್ಕೆ ಮದುವೆಯಾಗಿ ಹೋದರೂ ಹಕ್ಕು ಶಿರಸಿಯಲ್ಲೇ ಇದೆ.

ಪಹಣಿಯ 9ನೇ ಕಾಲಂನಲ್ಲಿ ಒಬ್ಬರದೇ ಹೆಸರಿದ್ದ ಮಾತ್ರಕ್ಕೆ ಆಸ್ತಿ ಅವರೊಬ್ಬರದ್ದಾಗುವುದಿಲ್ಲ. ಮನೆಯ ಯಜಮಾನನ ಹೆಸರು ಹಾಕುವುದು ವಾಡಿಕೆ, ಅಷ್ಟೇ. ಗೇಣಿ ಜಮೀನಿಗೆ 1974ರ ನಂತರ ಭೂ ನ್ಯಾಯಮಂಡಳಿಯಲ್ಲಿ ಒಬ್ಬರ ಹೆಸರಿಗೆ ಹಕ್ಕು ಸಿಕ್ಕಿರುವ ಮನೆಗಳಲ್ಲೂ ಇದೇ ಜಗಳ. ಅರ್ಜಿ ಹಾಕಿದವ ಅಣ್ಣ, ಗೇಣಿ ಮಾಡಿದ್ದು ಇಡೀ ಕುಟುಂಬ.

ಈಗ ಬಕ್ಷೀಸು. ಅವಿಭಕ್ತ ತೋಟದಲ್ಲಿನ ತನ್ನ ಪಾಲನ್ನು ಉಳಿದವರ ಒಪ್ಪಿಗೆ ಇಲ್ಲದೆ ಒಬ್ಬ ಸಹದಾಯಾದಿ ಬಕ್ಷೀಸು ಕೊಟ್ಟರೆ ಅದು ಊರ್ಜಿತವಲ್ಲ. ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿದೆ. ನಿಮ್ಮ ಅಪ್ಪಯ್ಯ ಇಡೀ 3 ಎಕರೆಯನ್ನು ನಿಮಗೆ ಬರೆದುಕೊಟ್ಟರೆ ಸಬ್ ರಿಜಿಸ್ಟ್ರಾರ್ ನೋಂದಾಯಿಸಬಹುದು, ಪಹಣಿಯೂ ಬದಲಾಗಬಹುದು. ಆದರೆ ಹತ್ತು ವರ್ಷದ ನಂತರ ತಂಗಿಯ ಮಕ್ಕಳು ದಾವೆ ಹಾಕಿದರೆ ಪತ್ರ ನಿಲ್ಲುವುದಿಲ್ಲ. ಅದೇ ಅವಿಭಕ್ತ ಪಾಲನ್ನು ಮೃತ್ಯುಪತ್ರದಲ್ಲಿ ಬರೆಯಬಹುದು, ಉತ್ತರಾಧಿಕಾರ ಕಾಯ್ದೆಯ 30ನೇ ಕಲಮು ಅದಕ್ಕೆ ಅವಕಾಶ ಕೊಟ್ಟಿದೆ. ವಿಚಿತ್ರ, ಆದರೆ ಕಾನೂನು ಹಾಗೇ ಇದೆ.

ಗುಂಟೆಯಲ್ಲಿ ನೋಡಿ. 3 ಎಕರೆ ಅಂದರೆ 120 ಗುಂಟೆ. ತಂದೆ ಮಕ್ಕಳ ನಡುವೆ ಹಿಸ್ಸೆ ಆಗುವಾಗ ಹೆಂಡತಿಗೂ ಮಗನಷ್ಟೇ ಪಾಲು ಎನ್ನುವುದು ಮಿತಾಕ್ಷರ ಎಂಬ ಹಳೆಯ ಹಿಂದೂ ಕಾನೂನಿನ ಪದ್ಧತಿ. ಮದ್ರಾಸ್ ಕಡೆ ಅದು ಬಿಟ್ಟುಹೋಗಿದೆ, ನಮ್ಮ ಜಿಲ್ಲೆ ಮುಂಬೈ ಪದ್ಧತಿಯದು. ಹಾಗಾಗಿ ಅಪ್ಪ, ಆಯಿ, ಮೂವರು ಮಕ್ಕಳು: ಐದು ಪಾಲು, ತಲಾ 24 ಗುಂಟೆ. ಅಪ್ಪಯ್ಯನ ಮೃತ್ಯುಪತ್ರಕ್ಕೆ ಸಿಗುವುದು ಆ 24 ಗುಂಟೆ ಮಾತ್ರ. ಏನೂ ಬರೆಯದೆ ಹೋದರೆ ಆ 24 ನಾಲ್ಕು ಭಾಗವಾಗಿ ಪ್ರತಿಯೊಬ್ಬರಿಗೂ 6 ಗುಂಟೆ ಸೇರಿ ತಲಾ 30.

‘ನಂಗೇನೂ ಬೇಡ’ ಎಂಬ ಮಾತು ಪ್ರೀತಿಯದು, ಕಾಗದವಲ್ಲ. ಹಕ್ಕು ಬಿಡುಗಡೆ ಪತ್ರ ನೋಂದಣಿ ಆಗಲೇಬೇಕು. ಸ್ಟಾಂಪ್ ಪೇಪರ್ ಮೇಲೆ ನೋಟರಿ ಮಾಡಿಸಿ ಕಪಾಟಿನಲ್ಲಿ ಇಟ್ಟದ್ದು ಉಪಯೋಗಕ್ಕಿಲ್ಲ. ಇನ್ನೊಂದು ಸೂಕ್ಷ್ಮ: ಅವಿಭಕ್ತ ಸ್ಥಿತಿಯಲ್ಲಿ ತಂಗಿ ಹಕ್ಕು ಬಿಟ್ಟರೆ ಅದು ಉಳಿದ ಎಲ್ಲರಿಗೂ ಸೇರುತ್ತದೆ, ನಿಮಗೊಬ್ಬರಿಗಲ್ಲ. ನಿಮಗೇ ಬರಬೇಕಾದರೆ ಮೊದಲು ನೋಂದಾಯಿತ ಹಿಸ್ಸೆ, ಆಮೇಲೆ ತಂಗಿ ತನ್ನ 24 ಗುಂಟೆಯನ್ನು ನಿಮಗೆ ಬಕ್ಷೀಸು ಕೊಡಬೇಕು. ಒಂದೇ ಸರ್ವೆ ನಂಬರನ್ನು ಒಡೆಯುವುದಾದರೆ ಪತ್ರಕ್ಕೆ ಮೊದಲೇ 11ಇ ನಕ್ಷೆಗೆ (ಒಡೆದ ಭಾಗಗಳನ್ನು ತೋರಿಸುವ ಸರ್ವೆ ನಕ್ಷೆಗೆ) ಅರ್ಜಿ ಹಾಕಿ. ಅಳತೆಯವರು ಬರುವುದರಲ್ಲೇ ದಿನ ಹೋಗುತ್ತದೆ. ಮಳೆಗಾಲದಲ್ಲಿ ತೋಟದ ಕಾದಿಗೆ (ನೀರುಗಾಲುವೆ) ತುಂಬಿದಾಗ ಅಳತೆಗೆ ಕರೆಯುವುದು ದಂಡ.

ಲೆಕ್ಕದ_ವಹಿ:
ಮೇಲಿನವರು ಹೇಳಿದ್ದು ಆಸ್ತಿಯ ಕತೆ. ತೆರಿಗೆಯ ಕತೆಯೂ ಅದಕ್ಕೇ ತಾಳೆಯಾಗಬೇಕು, ಅಲ್ಲೇ ಹೆಚ್ಚಿನವರು ಎಡವುವುದು.

ನಿಮ್ಮ ಅಪ್ಪಯ್ಯನ ರಿಟರ್ನ್‌ನಲ್ಲಿ ಅಡಿಕೆಯ 6 ಲಕ್ಷವನ್ನು ಅವರದೇ ಕೃಷಿ ಆದಾಯ ಅಂತ ತೋರಿಸುತ್ತಿದ್ದೀರಿ ಅಂತ ಊಹೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಹೌದು. ಅಡಿಕೆ ಸುಲಿದು ಒಣಗಿಸಿ ಚಾಲಿ ಮಾಡುವುದು, ಬೇಯಿಸಿ ಕೆಂಪಡಿಕೆ ಮಾಡುವುದು, ಇವೆಲ್ಲ ಬೆಳೆದವನೇ ಮಾರುಕಟ್ಟೆಗೆ ತರಲು ಮಾಡುವ ಸಾಮಾನ್ಯ ಸಂಸ್ಕರಣೆಯಾದ್ದರಿಂದ ಕೃಷಿಯೇ. ಆದರೆ ಕೃಷಿ ಆದಾಯ 5,000 ದಾಟಿ, ಬೇರೆ ಆದಾಯವೂ ತೆರಿಗೆ ಮಿತಿ ದಾಟಿದರೆ ದರ ನಿರ್ಧರಿಸಲು ಎರಡನ್ನೂ ಕೂಡಿಸುತ್ತಾರೆ.

2025-26ರ ಹೊಸ ಪದ್ಧತಿಯಲ್ಲಿ ಲೆಕ್ಕ ಹೀಗೆ. ಅಂಗಡಿಯ 13 ಮತ್ತು ಅಡಿಕೆಯ 6, ಒಟ್ಟು 19 ಲಕ್ಷಕ್ಕೆ ತೆರಿಗೆ 1,80,000. ಅಡಿಕೆಯ 6ಕ್ಕೆ ಮೂಲ ಮಿತಿಯ 4 ಸೇರಿಸಿ 10 ಲಕ್ಷಕ್ಕೆ ತೆರಿಗೆ 40,000. ವ್ಯತ್ಯಾಸ 1,40,000, ಸೆಸ್ 4% ಸೇರಿ 1,45,600. ಅಡಿಕೆ ಇವರ ರಿಟರ್ನ್‌ನಲ್ಲಿ ಇಲ್ಲದಿದ್ದರೆ 13 ಲಕ್ಷಕ್ಕೆ 75,000, ಸೆಸ್ ಸೇರಿ 78,000. ಪ್ರತಿವರ್ಷ 67,600 ಹೆಚ್ಚಿಗೆ ಹೋಗುತ್ತಿದೆ.

ತೋಟ ನಿಜಕ್ಕೂ ಪಿತ್ರಾರ್ಜಿತವಾದರೆ ಆ 6 ಲಕ್ಷ ಅವಿಭಕ್ತ ಕುಟುಂಬದ ಆದಾಯ, ಅಪ್ಪಯ್ಯನ ಸ್ವಂತದ್ದಲ್ಲ. ಕುಟುಂಬಕ್ಕೆ ಬೇರೆ ಆದಾಯವೇ ಇಲ್ಲದಿದ್ದರೆ ತೆರಿಗೆ ಸೊನ್ನೆ. ಅಲ್ಲಿಂದ ಸದಸ್ಯರಿಗೆ ಹಂಚಿದ್ದಕ್ಕೂ ತೆರಿಗೆ ಇಲ್ಲ. ಕುಟುಂಬದ ಹೆಸರಲ್ಲಿ ಪ್ಯಾನ್ ಮಾಡಿಸಿ, ಅಪ್ಪಯ್ಯ ಕರ್ತಾ (ಕುಟುಂಬದ ಯಜಮಾನ) ಆಗಿ ಬ್ಯಾಂಕ್ ಖಾತೆ ತೆರೆಯಿರಿ, ಅಡಿಕೆ ಮಾರುವ ಸೊಸೈಟಿಯ ವಿಕ್ರಿ ಪಟ್ಟಿಯ ದುಡ್ಡು ಅಲ್ಲಿಗೆ ಹೋಗಲಿ. ಸೊಸೈಟಿಯ ಸದಸ್ಯತ್ವ ಅಪ್ಪಯ್ಯನ ಹೆಸರಲ್ಲೇ ಇದ್ದರೂ ಅಡ್ಡಿಯಿಲ್ಲ, ಕರ್ತಾ ಅಂತ ಬಂದ ದುಡ್ಡು ಕುಟುಂಬದ ಖಾತೆಗೆ ಜಮಾ ಆದ ಜಾಡು ಇರಬೇಕು.

ಇಲ್ಲಿಯೇ ಎಚ್ಚರ. ತೆರಿಗೆ ಇಲಾಖೆಗೆ ‘ಇದು ಕುಟುಂಬದ ತೋಟ’, ತಂಗಿಗೆ ‘ಇದು ಅಪ್ಪನ ಸ್ವಂತದ್ದು’ ಅಂತ ಎರಡು ಬಾಯಲ್ಲಿ ಹೇಳಲಾಗುವುದಿಲ್ಲ. ಕುಟುಂಬದ ಪ್ಯಾನ್ ಅರ್ಜಿಯಲ್ಲೇ ಸದಸ್ಯರ ಪಟ್ಟಿ ಕೊಡುತ್ತೀರಿ, ಅದರಲ್ಲಿ ತಂಗಿಯ ಹೆಸರು ಇರಬೇಕು. ಆ ಕಾಗದವೇ ನಾಳೆ ನ್ಯಾಯಾಲಯದಲ್ಲಿ ಬರುತ್ತದೆ. ಹಿಸ್ಸೆ ಮಾಡುವಾಗಲೂ ಪೂರ್ತಿ ಮಾಡಿ. ಅರ್ಧ ತೋಟ ಹಂಚಿ ಅರ್ಧ ಹಾಗೇ ಇಡುವ ಭಾಗಶಃ ಹಿಸ್ಸೆಯನ್ನು 1978ರ ಡಿಸೆಂಬರ್ 31ರ ನಂತರ ಆದಾಯ ತೆರಿಗೆ ಗುರುತಿಸುವುದಿಲ್ಲ. ಮತ್ತೊಂದು: ಯಾರೋ ಸಲಹೆ ಕೊಟ್ಟರು ಅಂತ ಅಂಗಡಿಯನ್ನು ಅವಿಭಕ್ತ ಕುಟುಂಬಕ್ಕೆ ಹಾಕಲು ಹೋಗಬೇಡಿ. ಸ್ವಯಾರ್ಜಿತವನ್ನು ಕುಟುಂಬಕ್ಕೆ ಹಾಕಿದರೆ ಆದಾಯ ಹಾಕಿದವರ ತಲೆಗೇ ಬರುತ್ತದೆ, ಮೇಲಿಂದ ಐದು ಜನರ ಹಕ್ಕು ಬೇರೆ.

ಬಕ್ಷೀಸಿನ ಆದಾಯ ತೆರಿಗೆ: ನಮ್ಮಲ್ಲಿ ಎಸ್ಟೇಟ್ ಡ್ಯೂಟಿ (ತೀರಿಕೊಂಡವರ ಆಸ್ತಿಯ ಮೇಲಿನ ತೆರಿಗೆ) 1985ರಲ್ಲೇ ಹೋಯಿತು, ಪಿತ್ರಾರ್ಜಿತಕ್ಕೋ ಮೃತ್ಯುಪತ್ರದಿಂದ ಬಂದದ್ದಕ್ಕೋ ತೆರಿಗೆ ಇಲ್ಲ. ಅಪ್ಪನಿಂದ ಮಗನಿಗೆ, ತಂಗಿಯಿಂದ ಅಣ್ಣನಿಗೆ ಬಕ್ಷೀಸು ಬಂದರೂ ಇಲ್ಲ. ಆದರೆ ‘ಸಂಬಂಧಿ’ ಎಂಬ ಪಟ್ಟಿ ಏಕಮುಖ. ಚಿಕ್ಕಪ್ಪ ಅಣ್ಣನ ಮಗನಿಗೆ ಕೊಟ್ಟರೆ ವಿನಾಯಿತಿ, ಅಣ್ಣನ ಮಗ ಚಿಕ್ಕಪ್ಪನಿಗೆ 50,000ಕ್ಕಿಂತ ಹೆಚ್ಚು ಕೊಟ್ಟರೆ ಚಿಕ್ಕಪ್ಪನಿಗೆ ತೆರಿಗೆ. ದೊಡ್ಡಪ್ಪನ ಮಕ್ಕಳು ಪಟ್ಟಿಯಲ್ಲೇ ಇಲ್ಲ. ಹೆಂಡತಿಗೆ ಅಥವಾ ಸೊಸೆಗೆ ಬಕ್ಷೀಸು ಕೊಟ್ಟರೆ ಅದರ ಆದಾಯ ಕೊಟ್ಟವರ ಲೆಕ್ಕಕ್ಕೇ ಕೂಡುತ್ತದೆ. ವಯಸ್ಸಿಗೆ ಬಂದ ಮಗನಿಗೆ ಕೊಟ್ಟರೆ ಕೂಡುವುದಿಲ್ಲ.

ತಮ್ಮನಿಗೆ ದುಡ್ಡು ಕೊಟ್ಟು ಹಕ್ಕು ಬಿಡಿಸಿಕೊಂಡರೆ ಅದು ವರ್ಗಾವಣೆ. ತೋಟದ ಮಟ್ಟಿಗೆ ಚಿಂತೆಯಿಲ್ಲ. ಶಿರಸಿ ನಗರಸಭೆಯ ಜನಸಂಖ್ಯೆ 10 ಸಾವಿರಕ್ಕೂ 1 ಲಕ್ಷಕ್ಕೂ ನಡುವೆ ಇರುವುದರಿಂದ ನಗರದ ಗಡಿಯಿಂದ ನೇರ ಅಂತರದಲ್ಲಿ 2 ಕಿ.ಮೀ. ಆಚೆಗಿನ ಕೃಷಿ ಭೂಮಿ ಬಂಡವಾಳ ಆಸ್ತಿಯೇ ಅಲ್ಲ. ನಿಮ್ಮದು 9 ಕಿ.ಮೀ. ಪೇಟೆಯ ಕಟ್ಟಡಕ್ಕೆ ಹಾಗಲ್ಲ. ಯಾವತ್ತಾದರೂ ಮಾರಿದರೆ ಅಪ್ಪಯ್ಯ ಕೊಂಡ ಬೆಲೆಯೇ ನಿಮ್ಮ ಬೆಲೆ, ಅಥವಾ 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆ. ಆ ಬೆಲೆ ಅಂದಿನ ಮಾರ್ಗಸೂಚಿ ದರವನ್ನು ಮೀರುವಂತಿಲ್ಲ. 1998ರ ಖರೀದಿ ಪತ್ರದ ಮೂಲವನ್ನು ಜೋಪಾನ ಮಾಡಿ.

(2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ. ಕಲಮುಗಳ ನಂಬರ್ ಬದಲಾಗಿದೆ, ಅದಕ್ಕೇ ನಾನು ನಂಬರ್ ಬರೆದಿಲ್ಲ.)

ಹುಲೇಕಲ್_ರಸ್ತೆ:
ತುಂಬಾ ಉಪಕಾರ. ತೋಟದ ವಿಷಯ ತಲೆಗೆ ಹೋಯಿತು. ಅಂಗಡಿಗೆ ಅಪ್ಪಯ್ಯನೂ ನಾನೂ ಸೇರಿ ಪಾಲುದಾರಿಕೆ ಮಾಡಿದರೆ ಹೇಗೆ? ಅಥವಾ ಈಗ ಇದ್ದ ಹಾಗೇ ಬಿಟ್ಟು ಮೃತ್ಯುಪತ್ರದಲ್ಲಿ ಬರೆದರೆ?

ಬಿಲ್_ಪುಸ್ತಕ:
ಇದ್ದ ಹಾಗೇ ಬಿಟ್ಟರೆ ಏನಾಗುತ್ತದೆ ಮೊದಲು ನೋಡಿ. ಮಾಲೀಕ ತೀರಿಕೊಂಡ ದಿನ ಬ್ಯಾಂಕಿಗೆ ಗೊತ್ತಾದರೆ ಕರೆಂಟ್ ಅಕೌಂಟ್ ನಿಲ್ಲುತ್ತದೆ, ಗಲ್ಲಾದ ಮೇಲಿನ ಕ್ಯೂಆರ್ ಸ್ಟಿಕ್ಕರ್ ಕೂಡ. ಜಿಎಸ್‌ಟಿ ನಂಬರ್ ಅವರ ಪ್ಯಾನಿನ ಮೇಲೆ ನಿಂತದ್ದು, ಅದರಲ್ಲಿ ನೀವು ಬಿಲ್ ಹರಿಯುವಂತಿಲ್ಲ. ಆದರೆ ಹಳೆಯ ಬಾಕಿ ತೆರಿಗೆ, ಬಡ್ಡಿ, ದಂಡ ಮಾತ್ರ ವ್ಯಾಪಾರ ಮುಂದುವರಿಸುವ ವಾರಸುದಾರನ ಹೆಗಲಿಗೆ ಬರುತ್ತದೆ.

ಆಗ ಮಾಡಬೇಕಾದ್ದು ಹಿಂದೆ ಮುಂದೆ ಆದರೆ ದುಡ್ಡು ಹೋಗುತ್ತದೆ. ಮೊದಲು ನಿಮ್ಮ ಪ್ಯಾನಿನಲ್ಲಿ ಹೊಸ ನೋಂದಣಿ, ಅರ್ಜಿಯಲ್ಲಿ ಕಾರಣ ‘ಮಾಲೀಕರ ಮರಣ’. ನಂಬರ್ ಬಂದ ಮೇಲೆ ಹಳೆಯ ನಂಬರಿನಿಂದ ಐಟಿಸಿ-02 ನಮೂನೆ ಹಾಕಿ ಉಳಿದ ಕ್ರೆಡಿಟ್ಟನ್ನು (ಮಾಲು ಕೊಳ್ಳುವಾಗ ಕಟ್ಟಿದ, ಮುಂದೆ ವಜಾ ಮಾಡಿಕೊಳ್ಳಬಹುದಾದ ತೆರಿಗೆಯನ್ನು) ಹೊಸದಕ್ಕೆ ವರ್ಗಾಯಿಸಬೇಕು. ಅದಕ್ಕೆ ಸಿಎ ಪ್ರಮಾಣಪತ್ರ ಬೇಕು. ಹೊಸ ನಂಬರಿನಲ್ಲಿ ಒಳಹೊಕ್ಕು ಅದನ್ನು ಸ್ವೀಕರಿಸಬೇಕು, ಇದನ್ನು ಮರೆಯುವವರೇ ಬಹಳ. ಆಮೇಲೆ ಆರ್‌ಇಜಿ-16 ನಮೂನೆಯಲ್ಲಿ ಹಳೆಯದರ ರದ್ದು, ಅಲ್ಲಿ ಹೊಸ ನಂಬರ್ ನಮೂದಿಸಬೇಕು. ಕೊನೆಗೆ ಮೂರು ತಿಂಗಳೊಳಗೆ ಅಂತಿಮ ರಿಟರ್ನ್, ಅಂದರೆ ಜಿಎಸ್‌ಟಿಆರ್-10. ಈ ಕ್ರಮವನ್ನು 2019ರ ಮಾರ್ಚ್ 28ರ ಸುತ್ತೋಲೆಯಲ್ಲೇ ಹೇಳಿದ್ದಾರೆ. ಗಡಿಬಿಡಿಯಲ್ಲಿ ಮೊದಲು ರದ್ದು ಮಾಡಿದರೆ ಗೋದಾಮಿನಲ್ಲಿರುವ ಮಾಲಿನ ಮೇಲೆ ತೆಗೆದುಕೊಂಡ ಕ್ರೆಡಿಟ್ ವಾಪಸ್ ಕಟ್ಟು ಅನ್ನುತ್ತಾರೆ. 22 ಲಕ್ಷಕ್ಕೂ 18% ಅಂತ ಹಿಡಿದರೆ 3,96,000.

ಇಷ್ಟಕ್ಕೂ ಒಟಿಪಿ ಹೋಗುವುದು ತೀರಿಕೊಂಡವರ ಮೊಬೈಲಿಗೆ. ಸಿಮ್ ನಿಂತುಹೋದರೆ ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ವಾಣಿಜ್ಯ ತೆರಿಗೆ ಕಚೇರಿಗೆ ಅಲೆಯಬೇಕು. ಬೇರೇನೂ ಮಾಡದಿದ್ದರೂ ಈ ವಾರ ನಿಮ್ಮನ್ನು ಅಧಿಕೃತ ಸಹಿದಾರ ಅಂತ ಪೋರ್ಟಲ್‌ನಲ್ಲಿ ಸೇರಿಸಿಬಿಡಿ. ಖರ್ಚಿಲ್ಲ.

ಪಾಲುದಾರಿಕೆ ನನಗೆ ರುಚಿಸುವುದಿಲ್ಲ. ಇಬ್ಬರೇ ಇದ್ದು ಒಬ್ಬರು ತೀರಿಕೊಂಡರೆ ಪತ್ರದಲ್ಲಿ ಏನೇ ಬರೆದಿರಲಿ ಪಾಲುದಾರಿಕೆಯೇ ಮುಗಿಯಿತು, ನಿಮ್ಮ ತೊಂದರೆ ಅಲ್ಲೇ ಇದೆ. ತೆರಿಗೆಯೂ ಹೆಚ್ಚು. 13 ಲಕ್ಷ ಲಾಭದಲ್ಲಿ ಪಾಲುದಾರರಿಗೆ ಸಂಬಳ ಅಂತ ಕಳೆಯಬಹುದಾದದ್ದು ಮೊದಲ 6 ಲಕ್ಷದ 90%, ಉಳಿದ 7 ಲಕ್ಷದ 60%, ಒಟ್ಟು 9.6 ಲಕ್ಷ. ಉಳಿದ 3.4 ಲಕ್ಷಕ್ಕೆ ಸಂಸ್ಥೆ ನೇರ 31.2% ಕಟ್ಟಬೇಕು, 1,06,080. ಬಂಡವಾಳಕ್ಕೆ 12%ವರೆಗೆ ಬಡ್ಡಿ ಕೊಟ್ಟು ಸ್ವಲ್ಪ ಇಳಿಸಬಹುದು. ಆದರೆ 2025ರ ಏಪ್ರಿಲ್‌ನಿಂದ ಪಾಲುದಾರರಿಗೆ ವರ್ಷಕ್ಕೆ 20,000 ಮೀರಿ ಕೊಟ್ಟ ಸಂಬಳ-ಬಡ್ಡಿಗೆ 10% ಟಿಡಿಎಸ್ ಕಡಿದು ರಿಟರ್ನ್ ಹಾಕುವ ರಗಳೆ ಬೇರೆ. ನೀವೊಬ್ಬರೇ ನಡೆಸಿದರೆ, ನಿಮಗೆ ಬೇರೆ ಆದಾಯ ಇಲ್ಲದಿದ್ದರೆ, 78,000ಕ್ಕೆ ಮುಗಿಯುತ್ತದೆ.

ನನ್ನ ಮತ: ವ್ಯಾಪಾರವನ್ನು ಈಗಲೇ ನಿಮ್ಮ ಹೆಸರಿಗೆ ಮಾಡಿಕೊಳ್ಳಿ, ಕಟ್ಟಡವನ್ನು ಅಪ್ಪಯ್ಯನ ಹೆಸರಲ್ಲೇ ಬಿಡಿ. ಮಾರ್ಚ್ 31ರ ಅಢಾವೆ ಪತ್ರಿಕೆ (ಬ್ಯಾಲೆನ್ಸ್ ಶೀಟ್) ತಯಾರಿಸಿ, ಮಾಲು, ಬರಬೇಕಾದ ಬಾಕಿ, ಕೊಡಬೇಕಾದ ಬಾಕಿ ಎಲ್ಲ ಸೇರಿ ನಡೆಯುತ್ತಿರುವ ವ್ಯಾಪಾರವಾಗಿಯೇ ಬಕ್ಷೀಸು ಅಂತ ಪತ್ರ ಆಗಲಿ. ಹಾಗೆ ಇಡಿಯಾಗಿ ವರ್ಗಾಯಿಸಿದ್ದಕ್ಕೆ ಜಿಎಸ್‌ಟಿ ಬೀಳುವುದಿಲ್ಲ. ಕ್ರಮ ಮೇಲಿನದೇ: ಹೊಸ ನಂಬರ್, ಐಟಿಸಿ-02, ಸ್ವೀಕಾರ, ಆಮೇಲೆ ರದ್ದು. ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ ಮೊದಲು. ಪೈಪು ಕಂಪನಿಯ ಡೀಲರ್‌ಶಿಪ್ ಪತ್ರವೂ ಬದಲಾಗಬೇಕು.

ಅಪ್ಪಯ್ಯನ ಕೈಗೆ ಆದಾಯ ಬೇಕಲ್ಲ, ಬಾಡಿಗೆ ಕೊಡಿ. ಇಲ್ಲಿ ಒಂದು ಗುಂಡಿ ಇದೆ. ಅವರ ಜಿಎಸ್‌ಟಿ ರದ್ದಾದ ಮೇಲೆ ಅವರು ನೋಂದಣಿ ಇಲ್ಲದವರು, ನೀವು ನೋಂದಾಯಿತರು. 2024ರ ಅಕ್ಟೋಬರ್ 10ರಿಂದ ಅಂಥ ವಾಣಿಜ್ಯ ಬಾಡಿಗೆಯ ಮೇಲಿನ 18%ನ್ನು ಬಾಡಿಗೆದಾರನೇ ಕಟ್ಟಬೇಕು. ತಿಂಗಳಿಗೆ 15,000 ಬಾಡಿಗೆ ಆದರೆ 2,700 ನಗದು ಲೆಡ್ಜರಿನಿಂದ ಕಟ್ಟಿ, ನಂತರ ಕ್ರೆಡಿಟ್ ತೆಗೆದುಕೊಳ್ಳಿ. ನಷ್ಟವೇನಿಲ್ಲ, ಮರೆತರೆ ಬಡ್ಡಿ.

ಸದಾಶಿವಗಡ_ಕಡೆಯವ:
ಕಟ್ಟಡಕ್ಕೆ ಮೃತ್ಯುಪತ್ರ ಸರಿ. ಮುದ್ರಾಂಕ ಶುಲ್ಕ ಇಲ್ಲ, ನೋಂದಣಿ ಕಡ್ಡಾಯವೂ ಅಲ್ಲ, ಆದರೂ ಮಾಡಿಸಿ. ಅಪ್ಪಯ್ಯ ಸಹಿ ಹಾಕುವುದನ್ನು ಇಬ್ಬರು ಸಾಕ್ಷಿಗಳು ನೋಡಿ, ಅವರ ಎದುರು ತಾವೂ ಸಹಿ ಹಾಕಬೇಕು. ಪಾಲು ಪಡೆಯುವವರನ್ನೋ ಅವರ ಹೆಂಡತಿಯನ್ನೋ ಸಾಕ್ಷಿ ಮಾಡಬೇಡಿ. ಅಪ್ಪಯ್ಯನ ಓರಗೆಯವರನ್ನೂ ಬೇಡ. ನೋಂದಣಿ ಆಗಿದ್ದರೂ ತಕರಾರು ಬಂದರೆ ಒಬ್ಬ ಸಾಕ್ಷಿಯನ್ನು ಕಟಕಟೆಗೆ ತರಲೇಬೇಕು, ಆಗ ಅವರು ಬದುಕಿರಬೇಕಲ್ಲ. ಆಯಿಗೆ ಬದುಕಿರುವವರೆಗೆ ಬಾಡಿಗೆಯ ಹಕ್ಕು, ನಂತರ ಯಾರಿಗೆ ಅಂತ ಸ್ಪಷ್ಟವಾಗಿ ಬರೆಯಿರಿ. ‘ಇಲ್ಲಿ ಬರೆಯದೆ ಉಳಿದದ್ದೆಲ್ಲ ಇಂಥವರಿಗೆ’ ಎಂಬ ಸಾಲನ್ನು ಬಿಡಬೇಡಿ, ಸೊಸೈಟಿ ಠೇವಣಿ ಮರೆತುಹೋಗುವುದು ಅಲ್ಲಿಯೇ. ನಾಮಿನಿ ದುಡ್ಡು ಪಡೆಯುವವ, ಒಡೆಯನಲ್ಲ.

ನಮ್ಮ ಜಿಲ್ಲೆ ಹಿಂದೆ ಮುಂಬೈ ಪ್ರಾಂತ್ಯದಲ್ಲಿತ್ತು, ಆದ್ದರಿಂದ ಪ್ರೊಬೇಟ್ (ಮೃತ್ಯುಪತ್ರಕ್ಕೆ ನ್ಯಾಯಾಲಯದ ದೃಢೀಕರಣ) ಬೇಕು ಅಂತ ಹೇಳುವವರಿದ್ದಾರೆ. ಆ ನಿಯಮ ಇದ್ದದ್ದು ಮುಂಬೈ ಹೈಕೋರ್ಟಿನ ಮೂಲ ವ್ಯಾಪ್ತಿಗೆ, ಅಂದರೆ ಮುಂಬೈ ಶಹರಕ್ಕೆ. ಶಿರಸಿ, ಕಾರವಾರಕ್ಕಲ್ಲ. ಗೋವಾದಲ್ಲಿ ಕಾಯಂ ನೆಲೆ ಇರುವವರ ವಿಷಯ ಮಾತ್ರ ಬೇರೆ. ಅವರ ಆಸ್ತಿ ಕಾರವಾರದಲ್ಲಿದ್ದರೂ ಗೋವಾದ ಉತ್ತರಾಧಿಕಾರ ಕಾನೂನೇ ಹತ್ತುತ್ತದೆ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಬದುಕಿರುವಾಗಲೇ ಏನನ್ನಾದರೂ ಬಕ್ಷೀಸು ಕೊಡುವುದಾದರೆ ‘ತಂದೆ-ತಾಯಿಯನ್ನು ನೋಡಿಕೊಳ್ಳಬೇಕು’ ಎಂಬ ಷರತ್ತನ್ನು ಪತ್ರದೊಳಗೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಪತ್ರ ರದ್ದು ಮಾಡಿಸಲು ಅದೇ ಆಧಾರ. ಮಗನಾಗಿ ನಿಮಗೆ ಇದು ಕಿರಿಕಿರಿ ಅನಿಸಬಹುದು, ಆಯಿಯ ಕಡೆಯಿಂದ ನೋಡಿ.

ಹುಲೇಕಲ್_ರಸ್ತೆ:
ಕಿರಿಕಿರಿ ಏನಿಲ್ಲ, ಬರೆಸುತ್ತೇನೆ. ಒಂದೇ ಒಂದು ಉಳಿಯಿತು: ಬೆಟ್ಟ. ತಮ್ಮನಿಗೆ ತೋಟದ ಬದಲು ಬೆಟ್ಟ ಬರೆದುಕೊಡಬಹುದಾ?

ಪಹಣಿ_ಓದುವವ:
ಆಗುವುದಿಲ್ಲ. ಬೆಟ್ಟದ ನೆಲ ಸರ್ಕಾರದ್ದು. ಸೊಪ್ಪು, ದರಕು (ಒಣ ಎಲೆ) ತರುವ ಸೌಲಭ್ಯ ತೋಟಕ್ಕೆ ಅಂಟಿಕೊಂಡು ಬಂದದ್ದು, ತೋಟ ಬಿಟ್ಟು ಬೆಟ್ಟ ಒಂದೇ ಯಾರಿಗೂ ಹೋಗುವುದಿಲ್ಲ. ಹಿಸ್ಸೆ ಪತ್ರದಲ್ಲಿ ಅದನ್ನು ಪ್ರತ್ಯೇಕ ಆಸ್ತಿ ಅಂತ ಶೆಡ್ಯೂಲಿಗೆ ಹಾಕಬೇಡಿ. ಯಾರ 24 ಗುಂಟೆಗೆ ಬೆಟ್ಟದ ಯಾವ ಭಾಗದ ಬಳಕೆ ಎಂದು ಆಯಾ ತೋಟದ ವಿವರದ ಕೆಳಗೇ ಬರೆಯಿರಿ. ಬೆಟ್ಟದಲ್ಲಿ ಅಗೆದು ಅಡಿಕೆ ಸಸಿ ಇಟ್ಟ ಜಾಗ ಏನಾದರೂ ಇದ್ದರೆ ಅದು ಅತಿಕ್ರಮಣ, 3 ಎಕರೆಯ ಲೆಕ್ಕಕ್ಕೆ ಸೇರುವುದಿಲ್ಲ. ಅಳತೆಯವರು ಬರುವ ಮೊದಲೇ ಗಡಿಯ ಅಗಳ (ಕಂದಕ) ಎಲ್ಲಿದೆ ಎಂದು ಹಳೆಯ ನಕ್ಷೆಯೊಡನೆ ತಾಳೆ ನೋಡಿಟ್ಟುಕೊಳ್ಳಿ. ಮತ್ತೆ, ಪಹಣಿಯ 11ನೇ ಕಾಲಂನಲ್ಲಿ ಬೆಳೆಸಾಲದ ಬೋಜಾ (ಸಾಲದ ಹೊರೆಯ ನಮೂದು) ಇದ್ದರೆ ಹಿಸ್ಸೆಗೆ ಮೊದಲು ಸಾಲ ತೀರಿಸಿಯೋ ಅಥವಾ ಯಾರ ಪಾಲಿಗೆ ಎಷ್ಟು ಸಾಲ ಅಂತ ಪತ್ರದಲ್ಲಿ ಬರೆಸಿಯೋ ಹೋಗಿ. ಇಲ್ಲದಿದ್ದರೆ ಐದೂ ಹೊಸ ಪಹಣಿಯಲ್ಲಿ ಪೂರ್ತಿ ಬೋಜಾ ಏರುತ್ತದೆ, ಬೆಂಗಳೂರಿನಲ್ಲಿರುವ ತಮ್ಮ ಅದನ್ನು ನೋಡಿ ಮೊದಲು ಫೋನ್ ಮಾಡುವುದು ನಿಮಗೇ.